ಒಪ್ಪಿಕೊಂಡೇ ಒಪ್ಪದ ಕಾಗದ

ಇವತ್ತು ಬೆಳಿಗ್ಗೆ ಒಂಬತ್ತನೆಯ ತರಗತಿಯ ಹುಡುಗಿಯರ ಇಂಗ್ಲಿಷ್ ನಿಬಂಧ ತಿದ್ದುತ್ತಿದ್ದೆ. ಒಬ್ಬಳು ಸಾಲಿಗೊಂದರಂತೆ 'ನೋ ಡೌಟ್' ಎಂದು ಬರೆದಿದ್ದಳು. ಹೊಡೆದುಹಾಕಲು ಎತ್ತಿದ ಪೆನ್ನನ್ನು ಹಾಗೇ ತಡೆದೆ. ಆ ಬಗೆಯ ಮಾತುಗಳ ಋಣ ನನ್ನ ಮೇಲಿದೆ.

ಇಂಗ್ಲಿಷಿನಲ್ಲಿ ವಾದ ಬರೆಯುವವರಿಗೆ ಒಂದು ರೂಢಿ ಉಂಟು. ಎದುರಿನವರ ಮಾತಿನಲ್ಲಿ ನಿಜವಿದ್ದಷ್ಟನ್ನು ಮೊದಲೇ ಒಪ್ಪಿಕೊಂಡುಬಿಡುತ್ತಾರೆ. 'ನೋ ಡೌಟ್', ಇದು ನಿಜ, ಇದನ್ನು ಅಲ್ಲಗಳೆಯಲಾಗದು, ಇಷ್ಟನ್ನು ಒಪ್ಪಲೇಬೇಕು ಎಂದೆಲ್ಲ ಬರೆದು, ಆಮೇಲೆ 'ನೆವರ್‌ದಲೆಸ್', ಅಂದರೆ 'ಆದರೂ', ಎಂದು ತಿರುಗುತ್ತಾರೆ. ಕಾಲೇಜಿನಲ್ಲಿ ಇದನ್ನು ಹೇಳಿಕೊಟ್ಟಾಗ ನನಗೆ ನಗು ಬಂದಿತ್ತು. ಸೊಲ್ಲಾಪುರದ ನಮ್ಮ ಮನೆಯಲ್ಲಿ ಯಾರೂ ಯಾರ ಮಾತನ್ನೂ ಒಪ್ಪಿದವರಲ್ಲ. ಸಾರಿಗೆ ಉಪ್ಪು ಹೆಚ್ಚಾಯಿತೆಂದರೆ, ನಿಮ್ಮ ನಾಲಿಗೆಯೇ ಕೆಟ್ಟಿದೆ ಎನ್ನುವವಳು ಅವ್ವ. ನಾನೂ ಅವಳ ಮಗಳೇ. ಮನೆಯ ಜಗಳಗಳನ್ನು ತಾರೀಖು ಹಾಕಿ ಡೈರಿಯಲ್ಲಿ ಬರೆದು, ಗೆದ್ದವರ ಹೆಸರಿನ ಮುಂದೆ ಒಂದು ಗೀಟು ಎಳೆಯುತ್ತಿದ್ದೆ. ವರ್ಷದ ಕೊನೆಗೆ ಕೂಡಿಸಿದರೆ ಹೆಚ್ಚು ಗೀಟುಗಳು ನನ್ನವೇ. ಲೆಕ್ಕ ಇಟ್ಟವಳೂ ನಾನೇ ಎಂಬುದನ್ನು ನೀವು ಮರೆಯಬಾರದು.

ಎಪ್ಪತ್ನಾಲ್ಕರ ಮಳೆಗಾಲದಲ್ಲಿ, ನಾನು ಬಿ.ಎ. ಎರಡನೆಯ ವರ್ಷದಲ್ಲಿದ್ದಾಗ, ಹನ್ನೂರಿನ ಜಮೀನುದಾರರ ಮನೆಯಿಂದ ಸಂಬಂಧ ಬಂತು. ಹುಡುಗನ ಕಾಕಾ ಅಕ್ಕಲಕೋಟದಲ್ಲಿ ವಕೀಲರು. ನನ್ನನ್ನು ನೋಡಿಕೊಂಡು ಹೋದ ಮೇಲೆ ಅವರು ಅಪ್ಪನಿಗೆ ಟೈಪು ಮಾಡಿಸಿದ ಇಂಗ್ಲಿಷ್ ಕಾಗದ ಕಳಿಸಿದರು. ಚಾದರದ ಅಂಗಡಿಯಲ್ಲಿ ಕನ್ನಡ, ಮರಾಠಿ ಎರಡರಲ್ಲೂ ವ್ಯಾಪಾರ ಮಾಡುವ ಅಪ್ಪನಿಗೆ ಇಂಗ್ಲಿಷ್ ಬಾರದು. ಹೀಗಾಗಿ ನನ್ನ ಮದುವೆಯ ಕರಾರನ್ನು ನಾನೇ ಓದಿ ಹೇಳಬೇಕಾಯಿತು. ಹುಡುಗಿ ಕಪ್ಪು, ವಯಸ್ಸು ಹೆಚ್ಚು, ಅಡುಗೆಯ ರೂಢಿ ಸಾಲದು. ಆದರೂ ಅವರಿಗೆ ಒಪ್ಪಿಗೆ, ಕಾಲೇಜನ್ನು ಕೂಡಲೇ ಬಿಡಿಸಿದರೆ.

ಅವ್ವನಿಗೆ ಸಂಬಂಧ ಮನಸ್ಸಿಗೆ ಬಂದಿತ್ತು. "ಹೂಂ ಅಂತ ಬರಿ. ಬ್ಯಾರೆ ಏನೂ ಬ್ಯಾಡ" ಎಂದಳು. ಅಪ್ಪ ಹಾಳೆಯನ್ನು ನನ್ನ ಮುಂದೆ ಸರಿಸಿ, ಮರ್ಯಾದೆ ಉಳಿಯುವಂಥ ಉತ್ತರ ಬರೆ ಎಂದಷ್ಟೇ ಹೇಳಿದರು.

ಅಪ್ಪನ ಹೆಸರಿನಲ್ಲಿ ಬರೆದೆ. ಹುಡುಗಿ ಕಪ್ಪಗಿರುವುದು ನಿಜ. ಅವಳಿಗೆ ಇಪ್ಪತ್ತಾಗಿರುವುದನ್ನು ಅಲ್ಲಗಳೆಯಲಾಗದು. ಅವಳ ರೊಟ್ಟಿ ದುಂಡಗಾಗುವುದಿಲ್ಲವೆಂಬುದನ್ನೂ ಒಪ್ಪಲೇಬೇಕು. ನೆವರ್‌ದಲೆಸ್, ಅವಳು ಕಾಲೇಜು ಬಿಡುವುದಿಲ್ಲ.

ಅಪ್ಪನಿಗೆ ಬೇರೇನಾದರೂ ಓದಿ ಹೇಳಬಹುದಿತ್ತು. ಹೇಳಲಿಲ್ಲ. ಒಂದೊಂದು ಸಾಲನ್ನೂ ಬರೆದಂತೆಯೇ ಕನ್ನಡದಲ್ಲಿ ಹೇಳಿದೆ. ಅವರು ಸಹಿ ಹಾಕದಿದ್ದರೆ ನನ್ನ ಓದು ಅವತ್ತಿಗೇ ಮುಗಿಯುತ್ತಿತ್ತು.

"ನಿನ್ನ ಕೈಲೇ ನೀನ ಕರಿ ಅದೀನಿ ಅಂತ ಬರದಿ ಏನ, ಹುಚ್ಚಿ? ಓಣ್ಯಾಗ ಹಲಗಿ ಹೊಡಸಿ ಸಾರಿನೂ ಬಿಡು" ಎಂದಳು ಅವ್ವ.

"ಖರೆ ಇದ್ದದ್ದು ಬರದೀನಿ, ಅವ್ವಾ. ಕಾಲೇಜ ಬಿಡಂಗಿಲ್ಲ ಅನ್ನೋದೂ ಖರೆನ."

ಅಪ್ಪ ಇನ್ನೊಮ್ಮೆ ಮೊದಲಿನಿಂದ ಓದಿಸಿದರು. ಕೇಳುತ್ತ ಕೇಳುತ್ತ ಅವರ ಮೀಸೆಯಡಿ ನಗು ಮೂಡಿತು.

"ಅವರು ಅಂದದ್ದಕ್ಕೆಲ್ಲಾ ಹೂಂ ಅಂದಿ. ಕೇಳಿದ್ದು ಮಾತ್ರ ಕೊಡ್ಲಿಲ್ಲ. ಗಿರಾಕಿ ಮುಂದ ನಾನೂ ಇದನ್ನ ಮಾಡ್ತೀನಿ, ಯವ್ವಾ. ಅಂಚು ಸಣ್ಣದು ಅಂದ್ರ ಹೌದ್ರಿ, ಬಣ್ಣ ಮಾಸ್ಯಾದ ಅಂದ್ರ ಹೌದ್ರಿ. ದರ ಇಳಸಂಗಿಲ್ಲ. ಇಂಗ್ಲಿಷ್‌ನ್ಯಾಗೂ ಇದ ನಡೀತದ ಅನ್ನೋದು ಗೊತ್ತಿರ್ಲಿಲ್ಲ." ಹಾಗೆಂದು ಮರಾಠಿಯಲ್ಲಿ ಸಹಿ ಹಾಕಿದರು.

ವಕೀಲರಿಂದ ಉತ್ತರ ಬರಲಿಲ್ಲ. ನನ್ನ ಜಾತಕ ಮಾತ್ರ ಅಂಚೆಯಲ್ಲಿ ಹಿಂದಿರುಗಿತು. ದೀಪಾವಳಿಯವರೆಗೂ ಅವ್ವ ನನಗೆ ಮುಖ ಕೊಟ್ಟು ಮಾತಾಡಲಿಲ್ಲ. ನಾನು ಬಿ.ಎ. ಮುಗಿಸಿದೆ, ಬಿ.ಎಡ್. ಮಾಡಿದೆ, ಶಾಲೆಯ ಕೆಲಸಕ್ಕೆ ಸೇರಿ ಈಗ ಎರಡು ವರ್ಷ. ಆ ಕಾಗದವನ್ನು ನನ್ನ ದೊಡ್ಡ ಗೆಲುವೆಂದು ಬಹಳ ದಿನ ಬೀಗಿದ್ದೂ ಉಂಟು. ಈಗ ನೆನೆದರೆ ಒಂದು ಸಿಟ್ಟು ಉಳಿದಿದೆ. ನಾನು ಕಪ್ಪಗಿರುವುದು ನಿಜವೇ. ಆದರೆ ತಲೆ ತಗ್ಗಿಸಿ ಒಪ್ಪಿಕೊಳ್ಳಲು ಅದೇನು ನನ್ನ ತಪ್ಪೇ? ಎದುರಿನವರು ಹಿಡಿದ ಪಟ್ಟಿಯಲ್ಲಿದ್ದದ್ದಕ್ಕೆಲ್ಲ ಸಭ್ಯತೆಯಿಂದ ಹೂಂಗುಡುತ್ತ ಹೋದರೆ, ಆ ಪಟ್ಟಿ ಮಾಡುವ ಅಧಿಕಾರ ಅವರದೇ ಎಂದೂ ಒಪ್ಪಿದಂತಾಗುತ್ತದೆ. ಇದನ್ನು ನನಗೆ ಯಾವ ಪ್ರೊಫೆಸರರೂ ಹೇಳಿಕೊಡಲಿಲ್ಲ.

ಇವತ್ತು ಮಧ್ಯಾಹ್ನ ವಳಸಂಗದಿಂದ ಇನ್ನೊಂದು ಗಂಡಿನ ಕಡೆಯವರು ನನ್ನನ್ನು ನೋಡಲು ಬರುತ್ತಾರಂತೆ. ಈಗಷ್ಟೇ ಮಧ್ಯಸ್ಥರು ಬಂದು, ಹುಡುಗಿಯ ಬಣ್ಣದ ವಿಷಯ ಅವರಿಗೆ ಹೇಗೆ ಹೇಳುವುದು ಎಂದು ಪಡಸಾಲೆಯಲ್ಲಿ ರಾಗ ಎಳೆಯುತ್ತಿದ್ದರು. ಅಪ್ಪನ ಮಾತು ನನ್ನ ಕೋಣೆಗೆ ಸ್ಪಷ್ಟವಾಗಿ ಕೇಳಿಸಿತು.

"ಅದನ್ನ ಹೇಳೂದ ಬ್ಯಾಡ್ರಿ. ನಮ್ಮ ಹುಡುಗಿ ಸಾಲ್ಯಾಗ ಕಲಸ್ತಾಳ, ಮುಂದೂ ಕಲಸ್ತಾಳ. ಇದಕ್ಕ ಹೂಂ ಅಂದ್ರ ಬರ್ಲಿ."

ಅವ್ವ ನನ್ನ ಮೇಜಿನ ಮೇಲೆ ಪೌಡರಿನ ಡಬ್ಬಿ ಇಟ್ಟುಹೋಗಿದ್ದಾಳೆ. ಅದರ ಮುಚ್ಚಳ ತೆಗೆಯುವುದಿಲ್ಲ. ಮುಖ ತೊಳೆದುಕೊಂಡು ಹೊರಗೆ ಹೋಗುತ್ತೇನೆ.