ನಾಲ್ಕು ದಿನದ ಗುರುತು

ಗೋಕಾಕದ ನಮ್ಮ ಇಂಗ್ಲಿಷ್ ಮಾಸ್ತರರು ಅಮೆರಿಕದ ದನಗಾಹಿಯೊಬ್ಬನ ಪ್ರೇಮದ ಕಾದಂಬರಿಯನ್ನು ಎರಡು ದಿನಗಳಲ್ಲಿ ಓದಿ ಮುಗಿಸಿದರು. ಬೈಯಲು ಐದು ದಿನ ಹಿಡಿಯಿತು. ಎರಡೂ ಲೆಕ್ಕ ನನ್ನ ದಿನಚರಿಯಲ್ಲಿವೆ. ಕನ್ನಡಕವನ್ನು ಹಣೆಗೇರಿಸಿ, "ಕುದುರಿ ಛಲೋ ಓಡತಾವು, ಖರೆ. ಪ್ರೇಮಾನೂ ಹಂಗ ಓಡಿದ್ರ ಹ್ಯಾಂಗೋ?" ಎನ್ನುತ್ತಿದ್ದರು.

ಆರನೆಯ ದಿನ ಮೇಲವಂಕಿಯಿಂದ ಬೀಗತನಕ್ಕೆ ಹಿರಿಯರು ಬಂದರು. ಹುಡುಗ ಬಂದಿರಲಿಲ್ಲ. ಚಹಾ ಆರುವುದರೊಳಗೆ ಮಾಸ್ತರರು ಮಗಳನ್ನು ಕೊಡಲು ಒಪ್ಪಿಬಿಟ್ಟರು. ಹಿರಿಯರು ಹೋದ ಮೇಲೆ ನನ್ನೆದುರು ಮತ್ತೆ ಪುಸ್ತಕ ತೆರೆದು, "ನಾಕ ದಿನದ ಗುರುತಿಗೆ ಲಗ್ನ ಆಗ್ಯಾಳ ನೋಡೋ ಈ ಪುಸ್ತಕದಾಗಿನ ಹುಡುಗಿ!" ಎಂದರು.

ಒಳಗಿನಿಂದ ಮಗಳು ಹೇಳಿದಳು: "ಅಪ್ಪಾ, ಅಕಿ ನಾಕ ದಿನರೆ ನೋಡ್ಯಾಳ. ನಾ ಇನ್ನೂ ಅವರ ಮಾರಿನೂ ನೋಡಿಲ್ಲ."

ಮಾಸ್ತರರು ಪುಸ್ತಕ ಮುಚ್ಚಿದರು. ಹುಡುಗನನ್ನು ಒಮ್ಮೆ ಕಳಿಸಿಕೊಡಿರೆಂದು ಮೇಲವಂಕಿಗೆ ಕಾಗದ ಬರೆಯಲು ಕೂತರು.