ಹುಲ್ಲಿನ ಮಷಿನ್ನಿನ ಡಾಕ್ಟರು
ಭಾನುವಾರ ಬಂತೆಂದರೆ ಹೊಸ ಸೊಸೆಗೆ ಎದೆ ಡವಡವ, ಯಾಕೆಂದರೆ ಅವತ್ತು ಮಾವನವರು ಹಿತ್ತಲಲ್ಲಿ ಹುಲ್ಲು ಕತ್ತರಿಸುವ ಮಷಿನ್ ರಿಪೇರಿಗೆ ಕೂರುತ್ತಾರೆ. ಅದರ ಇಂಜಿನ್ ಒಂದೇ ಸಮ ಓಡುವುದಿಲ್ಲ. ಕಿರುಚುತ್ತಾ ಏರುತ್ತದೆ, ಸತ್ತೇಹೋಯಿತು ಅನ್ನುವಷ್ಟು ಇಳಿಯುತ್ತದೆ, ಮತ್ತೆ ಮೈಮೇಲೆ ಬರುವಂತೆ ಏರುತ್ತದೆ. ಪಕ್ಕದ ಮನೆಯ ಬೆಕ್ಕು ಶನಿವಾರವೇ ಊರು ಬಿಡುತ್ತದೆಂದು ಬೀದಿಯವರ ತಮಾಷೆ. ಮಾವನವರಿಗೆ ಅವರಿಟ್ಟ ಹೆಸರು ಡಾಕ್ಟರು. ಡಾಕ್ಟರು ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿ ಜೇಬಿಗೆ ಹಾಕುತ್ತಾರೆ, ಅದಿಲ್ಲದೆ ಬ್ಲೇಡು ತಿರುಗಲಾರದು. ನಡುವೆ ಊಟಕ್ಕೆ ಕೂತರೂ ಆಗಾಗ ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ. ಆಮೇಲೆ ಕಾರ್ಬ್ಯುರೇಟರ್ ತೊಳೆದು, ಕೂದಲೆಳೆಯಂಥ ತಂತಿಯಿಂದ ಅದರ ತೂತು ಕೆರೆದು, "ಕಸ ಕೂತಿತ್ತು ಅಷ್ಟೇ, ಇನ್ನು ನೋಡಮ್ಮ" ಅನ್ನುತ್ತಾರೆ. ಕಿರುಚಾಟ ಇದ್ದದ್ದೇ. "ಹೊಸದು ತಗೊಳ್ಳೋಣ ಮಾವ, ನಂಗೆ ಭಯ ಆಗುತ್ತೆ" ಅಂದರೆ, "ಭಯ ಇರ್ಲಿ ಬಿಡಮ್ಮ" ಎಂದು ನಗುತ್ತಾರೆ. ಈ ಭಾನುವಾರ ಬಟ್ಟೆ ಒಣಹಾಕಲು ಹೋದವಳಿಗೆ ಇಂಜಿನ್ ಒಂದೇ ಶ್ರುತಿಯಲ್ಲಿ, ಜೋಗುಳದಷ್ಟು ಮೆತ್ತಗೆ ಓಡುವುದು ಕೇಳಿಸಿತು. ಮಾವನವರ ಮುಖ ಬಿಳಿಚಿಕೊಂಡಿತ್ತು. ಥಟ್ಟನೆ ಬಗ್ಗಿ ಕಾರ್ಬ್ಯುರೇಟರಿನ ಬೋಲ್ಟು ಸಡಿಲಿಸಿದರು. ಕಿರುಚಾಟ ಮತ್ತೆ ಶುರುವಾಯಿತು. ಆಗ ಅವಳನ್ನು ಕಂಡು, "ಸದ್ದು ಮೆತ್ತಗಿದ್ರೆ ಜನ ಹತ್ರ ಬಂದುಬಿಡ್ತಾರಮ್ಮ!" ಎಂದು ಕೂಗಿದರು. ಬಾಗಿಲಲ್ಲಿ ನಿಂತಿದ್ದ ಅತ್ತೆಯ ಬಲಗಾಲಿನತ್ತ ಸೊಸೆಯ ಕಣ್ಣು ಹೋಯಿತು. ಅದರಲ್ಲಿ ಎರಡು ಬೆರಳಿಲ್ಲ, ಹುಟ್ಟಿನಿಂದಲೇ ಹಾಗೆ ಅಂತ ಅವಳು ಇಲ್ಲಿಯವರೆಗೂ ಅಂದುಕೊಂಡಿದ್ದಳು. ಸೊಸೆಯ ಕಾಲು ಮಷಿನ್ನಿನಿಂದ ತಾನಾಗಿ ಹಿಂದೆ ಸರಿಯಿತು, ಆಮೇಲಷ್ಟೇ ಮಾವನವರ ಬಿಳಿಚಿದ ಮುಖಕ್ಕೆ ಬಣ್ಣ ಮರಳಿತು.