ಭಾಯಂದರ್‌ನಲ್ಲಿ ಸಿಕ್ಕಿಬಿದ್ದ ಅಡುಗೆಮನೆ

ಮೂರು ವರ್ಷದ ಹಿಂದೆ, ಗಣೇಶ ಚೌತಿಯ ಹಿಂದಿನ ಭಾನುವಾರ, ವಸುಧಾ ಮೇಡಂ ಅವರ ಅಡುಗೆಮನೆ ಮುಂಬೈ ಅಂಚಿನ ಭಾಯಂದರ್‌ನ ಗಲ್ಲಿಯೊಂದರಲ್ಲಿ ಸಿಕ್ಕಿಬಿತ್ತು. ಲಾರಿಯ ಮೇಲಿತ್ತು, ಕಿಟಕಿ, ಕಟ್ಟೆ, ಸಿಂಕು ಸಮೇತ.

ಮೇಡಂ ಮೈಸೂರಿನವರು, ಆರ್ಕಿಟೆಕ್ಟ್. ಜನ್ಮವಿಡೀ ಬೇರೆಯವರ ಟವರ್‌ಗಳಿಗೆ ನಕ್ಷೆ ಹಾಕಿ, ನಿವೃತ್ತಿಯ ನಂತರ ತಮಗೊಂದು ಮನೆ ಯೋಚಿಸಿದರು. ವಸಾಯಿಯ ವರ್ಕ್‌ಶಾಪಿನಲ್ಲಿ ಕೋಣೆ ಕೋಣೆಯಾಗಿ ತಯಾರಾಗಿ, ಭಾಯಂದರ್ ದಾಟಿದರೆ ಸಿಗುವ ಉತ್ತನ್ ಗುಡ್ಡದ ಇಳಿಜಾರಿನಲ್ಲಿ ಕಬ್ಬಿಣದ ಕಾಲುಗಳ ಮೇಲೆ ಬೋಲ್ಟ್ ಹಾಕಿ ನಿಲ್ಲಿಸುವ ಮನೆ. ನೆಲ ಸಮ ಮಾಡುವಂತಿಲ್ಲ, ಮರ ಕಡಿಯುವಂತಿಲ್ಲ ಎಂದು ಅವರ ಕಟ್ಟಪ್ಪಣೆ. ಜಾಗ ನೋಡಲು ಹೋದರೆ ಚಾಪೆ ಹಾಸಿ ಮಲಗಿಬಿಡುತ್ತಿದ್ದರು. "ನಿಂತ್ರೆ ಗಾಳಿ ಬರೀ ಮುಖಕ್ಕೆ ಬಡಿಯುತ್ತೆ ಕಣ್ರೀ. ಮಲಗಿದ್ರೆ ಎಲ್ಲಿಂದ ಬರ್ತಿದೆ ಅಂತ ಗೊತ್ತಾಗುತ್ತೆ." ವರದಿಗಾರನಾದ ನಾನೂ ಒಮ್ಮೆ ಮಲಗಿ ಗಮನಿಸಿದೆ. ನಿದ್ದೆ ಬಂತು.

ವಡಾಲದ ಅವರ ಬಿಲ್ಡಿಂಗ್, ಕೆಡವಿ ಹೊಸದು ಕಟ್ಟುವ ರೀಡೆವಲಪ್‌ಮೆಂಟಿಗೆ ಹೋಗಿತ್ತು. ಆ ವಾರದ ಕೊನೆಗೆ ಖಾಲಿ ಮಾಡಬೇಕು. ಅಷ್ಟರಲ್ಲಿ ಮನೆ ನಿಲ್ಲದಿದ್ದರೆ ಬೇರೆ ಸೂರಿಲ್ಲ. ವರದಿಗಾರನಿಗೆ ಗಲ್ಲಿಗಳೆಲ್ಲ ಗೊತ್ತೆಂದು ಲಾರಿಯ ದಾರಿ ನೋಡುವ ಹೊಣೆ ನನಗೆ ವಹಿಸಿದ್ದರು. ಹಬ್ಬದ ಕಮಾನುಗಳಿಂದ ಉಪನಗರದ ಗಲ್ಲಿಗಳು ಇಕ್ಕಟ್ಟಾದ ಬಗ್ಗೆ ಎರಡೇ ದಿನದ ಹಿಂದೆ ನಾನೇ ವರದಿ ಮಾಡಿದ್ದೆ. ಅದನ್ನು ಯಾರಾದರೂ ಓದಿರಬಹುದು, ಬರೆದವನಂತೂ ಓದಿರಲಿಲ್ಲ.

ಲಾರಿಗೆ ಅಡ್ಡವಾದ ಕಮಾನಿನ ಕೆಳಗೆ ಗಣೇಶೋತ್ಸವ ಮಂಡಳದ ಅಧ್ಯಕ್ಷ ಕೈಮುಗಿದು ನಿಂತ. "ಮೇಡಂ, ಪೆಹಲೇ ಬಾಪ್ಪಾ ಜಾಯೇಂಗೆ, ಫಿರ್ ಆಪ್‌ಕಾ ಕಿಚನ್." ಮೊದಲು ಗಣಪ್ಪ ಹೋಗಬೇಕಂತೆ, ಆಮೇಲೆ ಅಡುಗೆಮನೆಯಂತೆ.

ಮೇಡಂ ನನ್ನತ್ತ ತಿರುಗಿದರು. "ಗುಡ್ಡಕ್ಕೆ ಒಗ್ಗೋ ಮನೆ ಮಾಡಿದೆ. ಗಲ್ಲಿಗೇ ಒಗ್ಗಲಿಲ್ಲ ನೋಡಿ ನನ್ನ ಜಾಣತನ!"

ಅಡುಗೆಮನೆಯನ್ನು ಗಲ್ಲಿಯ ಅಂಚಿಗೆ ಇಳಿಸಿದರು. ಮಂಡಳದ ಹೆಂಗಸರು ಗ್ಯಾಸ್ ತಂದಿಟ್ಟು ಅದರಲ್ಲೇ ಪ್ರಸಾದದ ಶಿರಾ ಮಾಡತೊಡಗಿದರು. ಮೇಡಂ ದಿನವೂ ಹೋಗಿ, ಆವಿ ಯಾವ ಕಿಟಕಿಯಿಂದ ಹೊರಬೀಳುತ್ತದೆಂದು ನೋಡಿ, ಒಂದು ದೊನ್ನೆ ಶಿರಾ ತಿಂದು ಬರುತ್ತಿದ್ದರು.

ಬರುತ್ತಿದ್ದದ್ದು ಗ್ರಾಂಟ್ ರೋಡಿನ ನಮ್ಮ ಒಂದೂವರೆ ಕೋಣೆಗೆ. ವಡಾಲದ ಮನೆಗೆ ಬೀಗ ಬಿದ್ದಿತ್ತು.

"ಇಲ್ಲಿಗೆ ಗಾಳಿ ಎಲ್ಲಿಂದ್ರೀ ಬರೋದು?" ಎಂದು ಮೇಡಂ ಕೇಳಿದರು.

"ಕೆಳಗಿನ ಹೋಟೆಲಿಂದ ಮೇಡಂ," ಎಂದಳು ನನ್ನ ಹೆಂಡತಿ. "ಬೆಳಿಗ್ಗೆ ಸಾಂಬಾರು, ಸಂಜೆ ಬಜ್ಜಿ."

"ಹಾಗಾದ್ರೆ ಇವರನ್ನ ಮಲಗಿಸಿ ಕೇಳೋದೇ ಬೇಡ," ಎಂದರು ಮೇಡಂ, ನನ್ನತ್ತ ಕೈ ತೋರಿಸಿ.

ವಿಸರ್ಜನೆಯ ಮರುದಿನ ಕಮಾನು ಬಿಚ್ಚಿದರು. ಅಡುಗೆಮನೆ ಗುಡ್ಡ ಹತ್ತಿತು, ಅದರ ಹಿಂದೆ ಉಳಿದ ಕೋಣೆಗಳೂ.

ಆ ಮನೆಯಲ್ಲಿ ಮೇಡಂ ಎರಡು ಮಳೆಗಾಲ ಕಳೆದರು. ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ಅವರ ಅಕ್ಕನ ಮಗಳು ಕೋಣೆಗಳನ್ನು ಬಿಚ್ಚಿಸಿ, ಕಾಲುಗಳನ್ನೂ ಕೀಳಿಸಿ ಲಾರಿಯಲ್ಲಿ ಒಯ್ದಳು.

ಈ ಜುಲೈನಲ್ಲಿ ಉತ್ತನ್‌ಗೆ ಹೋಗಿದ್ದೆ. ಇಳಿಜಾರಿನ ತುಂಬ ಹುಲ್ಲು. ಮನೆ ಎಲ್ಲಿತ್ತೆಂದು ಗುರುತು ಸಿಗಲಿಲ್ಲ.